ಬೆಟ್ಟ ಹತ್ತಿದ ಗದ್ದೆಗಳು: ಇಫುಗಾವ್‌ನಲ್ಲಿ ಎರಡು ದಿನ

ಫಿಲಿಪ್ಪೀನ್ಸ್‌ನ ಅತಿ ದೊಡ್ಡ ದ್ವೀಪ ಲುಜಾನ್. ಅದರ ಉತ್ತರ ಭಾಗದಲ್ಲಿ ಕಾರ್ಡಿಲೆರಾ ಎಂಬ ಬೆಟ್ಟಸಾಲು ಹಬ್ಬಿದೆ. ಈ ಬೆಟ್ಟಗಳ ನಡುವಿನ ಇಫುಗಾವ್ 1966ರಲ್ಲಿ ಪ್ರತ್ಯೇಕ ಪ್ರಾಂತ್ಯವಾಯಿತು. ಇಲ್ಲಿನ ಮೂಲನಿವಾಸಿಗಳನ್ನೂ ಇಫುಗಾವ್ ಎಂದೇ ಕರೆಯುತ್ತಾರೆ. ನಮ್ಮ ಮಲೆನಾಡಿನಲ್ಲಿ ಗದ್ದೆ ಎಂದರೆ ಗುಡ್ಡಗಳ ನಡುವಿನ ತಗ್ಗು. ಮಳೆಯ ನೀರು ತಾನಾಗಿ ಹರಿದುಬಂದು ನಿಲ್ಲುವ ಜಾಗ ಅದು. ಇಫುಗಾವ್‌ನಲ್ಲಿ ಗದ್ದೆಯೇ ಗುಡ್ಡ ಹತ್ತಿದೆ. ಹೊಳೆಯ ದಂಡೆಯಿಂದ ಶುರುವಾಗಿ ಒಂದರ ಮೇಲೊಂದು ಗೋಡೆ ಕಟ್ಟುತ್ತ, ಪ್ರತಿ ಗೋಡೆಯ ಹಿಂದೆ ಒಂದು ಪಟ್ಟಿ ನೆಲವನ್ನು ಮಟ್ಟಮಾಡಿ ನೀರು ನಿಲ್ಲಿಸುತ್ತ, ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಕ್ಕೆ ಭತ್ತವನ್ನು ಒಯ್ದಿದ್ದಾರೆ. ಇಂಥ ಗದ್ದೆಗೆ ಅವರ ಮಾತಿನಲ್ಲಿ ಪಾಯೊ ಎಂದು ಹೆಸರು.

ಮನಿಲಾದಲ್ಲಿ ಇರುವವರಿಗೆ ಇದು ವಾರದ ಕೊನೆಯ ಎರಡು ದಿನಗಳಲ್ಲಿ ಹೋಗಿಬರಬಹುದಾದ ಜಾಗ. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಸುಮಾರು 350 ಕಿಲೋಮೀಟರ್ ದಾರಿ ಕ್ರಮಿಸಿ ಶನಿವಾರ ಬೆಳಗ್ಗೆ ಬನಾವೆ ಪಟ್ಟಣದಲ್ಲಿ ಇಳಿಯಬಹುದು. ಕೊನೆಯ ಕೆಲವು ಗಂಟೆ ಪೂರ್ತಿ ತಿರುವುಗಳ ಏರುದಾರಿ. ಬನಾವೆಯ ಎತ್ತರ ಸುಮಾರು 1,200 ಮೀಟರ್. ಮನಿಲಾದ ಸೆಕೆಯಲ್ಲಿ ಹೊರಟವರಿಗೆ ಬೆಳಗಿನ ಹೊತ್ತು ಬೆಚ್ಚನೆಯ ಹೊದಿಕೆ ಬೇಕಾಗುತ್ತದೆ. 2025ರಿಂದ ಭಾರತೀಯ ಪ್ರವಾಸಿಗರಿಗೆ ಫಿಲಿಪ್ಪೀನ್ಸ್ 14 ದಿನಗಳ ವೀಸಾರಹಿತ ಪ್ರವೇಶ ಕೊಟ್ಟಿರುವುದರಿಂದ ಈ ದಾರಿ ಕನ್ನಡಿಗರಿಗೂ ಮೊದಲಿಗಿಂತ ಹತ್ತಿರವಾಗಿದೆ.

ಬನಾವೆಯ ಮೇಲಿನ ರಸ್ತೆಯಲ್ಲಿ ಗದ್ದೆಗಳನ್ನು ನೋಡಲೆಂದೇ ಮಾಡಿದ ಕಟ್ಟೆಗಳಿವೆ. ದೇಶದ 20 ಪೆಸೊ ನೋಟಿನ ಹಿಂಬದಿಯಲ್ಲಿ ಅಚ್ಚಾಗಿರುವುದು ಈ ಬನಾವೆಯ ಗದ್ದೆಗಳೇ. ಫಿಲಿಪ್ಪೀನ್ಸ್‌ನ ಶಾಲಾಮಕ್ಕಳು ಇದನ್ನು ಜಗತ್ತಿನ ಎಂಟನೇ ಅದ್ಭುತ ಎಂದು ಕಲಿಯುತ್ತಾರೆ. ಆದರೆ ಹೆಚ್ಚಿನ ಪ್ರವಾಸಿಗರಿಗೆ ತಿಳಿಯದೆ ಹೋಗುವ ಸಂಗತಿಯೊಂದಿದೆ. 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಐದು ಗದ್ದೆಸಮೂಹಗಳಲ್ಲಿ ಈ ಕಟ್ಟೆಯಿಂದ ಕಾಣುವ ಗದ್ದೆಗಳು ಇಲ್ಲ. ಬಟಾಡ್, ಬಂಗಾನ್, ಮಯೊಯಾವೊ, ಹುಂಗ್‌ದುವಾನ್ ಮತ್ತು ಕಿಯಾಂಗನ್ ಬಳಿಯ ನಗಾಕಡನ್, ಇವು ಆ ಐದು. ರಸ್ತೆ, ಹೊಸ ಮನೆ, ಅಂಗಡಿಗಳ ಒತ್ತಡದಲ್ಲಿ ಬನಾವೆಯ ನೋಟ ಚೂರುಚೂರಾಗಿರುವುದು ಕಟ್ಟೆಯ ಮೇಲೆ ನಿಂತವರಿಗೇ ಕಾಣುತ್ತದೆ. ಮನುಷ್ಯನ ದುಡಿಮೆಯೂ ನೆಲದ ಸ್ವಭಾವವೂ ಕೂಡಿ ರೂಪಿಸಿದ ‘ಸಾಂಸ್ಕೃತಿಕ ಭೂದೃಶ್ಯ’ ಎಂಬ ಬಗೆಯನ್ನು ಯುನೆಸ್ಕೊ 1990ರ ದಶಕದಲ್ಲಿ ಹೊಸದಾಗಿ ಹುಟ್ಟುಹಾಕಿತ್ತು. ಆ ಬಗೆಯಡಿ ಮೊದಲು ಮನ್ನಣೆ ಪಡೆದ ತಾಣಗಳಲ್ಲಿ ಇಫುಗಾವ್ ಗದ್ದೆಗಳೂ ಸೇರಿವೆ. ಹಾಗಾಗಿ ಎರಡೇ ದಿನ ಇರುವವರು ಕಟ್ಟೆಯ ಮೇಲೆ ಹೆಚ್ಚು ಹೊತ್ತು ಕಳೆಯದೆ ಹಳ್ಳಿಗಳಿಗೆ ಇಳಿಯುವುದು ಒಳ್ಳೆಯದು.

ಬಂಗಾನ್ ರಸ್ತೆಯಿಂದಲೇ ಕಾಣುತ್ತದೆ. ಗದ್ದೆಗಳ ನಡುವೆ ಮನೆಗಳದೊಂದು ಗುಂಪು, ಸುತ್ತ ನೀರು, ಆಚೆ ಕಾಡು. ಬಟಾಡ್‌ಗೆ ವಾಹನ ಒಂದು ಮಟ್ಟದವರೆಗೆ ಮಾತ್ರ ಹೋಗುತ್ತದೆ, ಅಲ್ಲಿಂದ ಮುಂದೆ ನಡಿಗೆ. ಕಾಲುದಾರಿ ಒಂದು ತಿರುವು ದಾಟಿದ ಕೂಡಲೇ ಇಡೀ ಕಣಿವೆ ಒಮ್ಮೆಗೇ ತೆರೆದುಕೊಳ್ಳುತ್ತದೆ. ಅರ್ಧ ಬೋಗುಣಿಯ ಹಾಗೆ ಬಾಗಿದ ಬೆಟ್ಟ, ಅದರ ಒಳಮೈಗೆ ಅಂಟಿಕೊಂಡ ಗದ್ದೆಗಳ ಸಾಲು ಸಾಲು, ತಳದಲ್ಲಿ ಒಂದಷ್ಟು ಮನೆ. ಬೋಗುಣಿಯ ಅಂಚಿನಾಚೆ ಇಳಿದರೆ ತಪ್ಪಿಯಾ ಜಲಪಾತ. ಹಳ್ಳಿಯೊಳಗೆ ವಾಹನ ಇಲ್ಲ. ಸಿಮೆಂಟು, ಅಡುಗೆ ಅನಿಲದ ಸಿಲಿಂಡರು, ಅಕ್ಕಿಮೂಟೆ, ಎಲ್ಲವೂ ಹೆಗಲ ಮೇಲೇ ಇಳಿಯಬೇಕು.

ಗದ್ದೆಗಳ ನಡುವೆ ನಡೆಯುವ ದಾರಿ ಎಂದರೆ ಗೋಡೆಯ ನೆತ್ತಿಯೇ. ಒಂದು ಬದಿಗೆ ಕೆಸರುನೀರು, ಇನ್ನೊಂದು ಬದಿಗೆ ಆಳೆತ್ತರ, ಕೆಲವೆಡೆ ಅದಕ್ಕೂ ಎಷ್ಟೋ ಹೆಚ್ಚಿನ ಇಳಿತ. ಬಟಾಡ್‌ನಲ್ಲಿ ಗೋಡೆಗಳು ಕಲ್ಲಿನವು. ಗಾರೆ ಇಲ್ಲ, ಸುಣ್ಣ ಇಲ್ಲ. ಕಲ್ಲಿಗೆ ಕಲ್ಲು ಕಚ್ಚಿಸಿ, ಗೋಡೆ ತುಸು ಬೆಟ್ಟದ ಕಡೆಗೇ ವಾಲುವಂತೆ ಕಟ್ಟಿದ್ದಾರೆ. ಅಲ್ಲಲ್ಲಿ ಗೋಡೆಯಿಂದ ಹೊರಚಾಚಿದ ಕಲ್ಲುಗಳಿವೆ. ಮೇಲಿನ ಗದ್ದೆಗೆ ಹತ್ತುವ ಮೆಟ್ಟಿಲು ಅವು, ಒಂದು ಪಾದ ಇಡುವಷ್ಟೇ ಅಗಲ. ಭತ್ತದ ಹೊರೆ ಹೊತ್ತವರು ಕೈ ಆನಿಸದೆ ಇದರ ಮೇಲೆ ಇಳಿಯುತ್ತಾರೆ.

ಗೋಡೆಗಿಂತ ಅದರ ಹಿಂದೆ ಏನಿದೆ ಎಂಬುದು ಹೆಚ್ಚು ಮುಖ್ಯ. ಅಮೆರಿಕದ ಮಾನವಶಾಸ್ತ್ರಜ್ಞ ಹೆರಾಲ್ಡ್ ಕಾಂಕ್ಲಿನ್ ವರ್ಷಗಟ್ಟಲೆ ಇಲ್ಲಿ ಅಧ್ಯಯನ ಮಾಡಿ 1980ರಲ್ಲಿ ಇಫುಗಾವ್ ಕುರಿತ ದೊಡ್ಡ ನಕಾಶೆಗ್ರಂಥ ಪ್ರಕಟಿಸಿದರು. ಗದ್ದೆಯ ಒಡಲನ್ನು ಪದರ ಪದರವಾಗಿ ಬಿಡಿಸಿ ತೋರಿಸಿದ್ದು ಅವರೇ. ತಳಪಾಯಕ್ಕೆ ದೊಡ್ಡ ಬಂಡೆಗಳು. ಗೋಡೆಯ ಬೆನ್ನಿಗೆ ಜಲ್ಲಿ, ಇಂಗಿದ ನೀರು ಗೋಡೆಯನ್ನು ಒತ್ತದೆ ಹರಿದುಹೋಗಲೆಂದು. ಅದರ ಮೇಲೆ ಒರಟು ಮಣ್ಣು, ಆಮೇಲೆ ತುಳಿದು ತುಳಿದು ಗಟ್ಟಿಮಾಡಿದ, ನೀರು ಇಳಿಯಗೊಡದ ಪದರ. ಎಲ್ಲಕ್ಕೂ ಮೇಲೆ ಬೇರು ಬಿಡುವ ಮೆತ್ತನೆಯ ಕೆಸರು. ಇಷ್ಟು ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತುಂಬುವುದಾದರೆ ತಲೆಮಾರುಗಳೇ ಬೇಕು. ಅದಕ್ಕೊಂದು ಉಪಾಯ ಕಂಡುಕೊಂಡರು. ಮೇಲಿನಿಂದ ತೊರೆಯ ನೀರನ್ನು ತಿರುಗಿಸಿ, ಇಳಿಜಾರಿನ ಮಣ್ಣನ್ನು ಅಗೆದು ಅದರೊಳಗೆ ಬಿಡುವುದು. ನೀರೇ ಮಣ್ಣನ್ನು ಹೊತ್ತು ತಂದು ಗೋಡೆಯ ಹಿಂದೆ ಸುರಿಯುತ್ತದೆ, ಗೋಡೆ ಏರಿದಂತೆ ಮಣ್ಣೂ ಏರುತ್ತದೆ. ಮಟ್ಟಗೋಲೂ ಬೇಕಿಲ್ಲ. ನಿಂತ ನೀರು ಎಲ್ಲಿ ಆಳ, ಎಲ್ಲಿ ತೆಳು ಎಂಬುದು ಕಣ್ಣಿಗೇ ತಿಳಿಯುತ್ತದೆ.

ನೀರು ಬೆಟ್ಟದ ಮೇಲಿನ ತೊರೆಗಳದ್ದು, ಒರತೆಗಳದ್ದು. ಕೆಲವೆಡೆ ಬಂಡೆಯ ಮೈಯನ್ನು ಕೊರೆದು ಕಾಲುವೆ ತಂದಿದ್ದಾರೆ, ಕಣಿವೆ ದಾಟಿಸಬೇಕಾದಲ್ಲಿ ಬಿದಿರಿನ ಅಥವಾ ಮರದ ದೋಣಿಯಲ್ಲಿ ಹಾಯಿಸುತ್ತಾರೆ. ಮೇಲಿನ ಗದ್ದೆ ತುಂಬಿದ ಮೇಲೆ ಅಂಚಿನಲ್ಲಿ ಬಿಟ್ಟ ಸಣ್ಣ ಕಂಡಿಯಿಂದ ನೀರು ಕೆಳಗಿನ ಗದ್ದೆಗೆ ಬೀಳುತ್ತದೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಬಟಾಡ್‌ನಲ್ಲಿ ರಾತ್ರಿ ತಂಗಿದವರ ಕಿವಿಗೆ ಈ ಸದ್ದು ಬೀಳದೆ ಇರದು. ಎಲ್ಲ ಕಡೆಯಿಂದಲೂ ಸಣ್ಣಗೆ ನೀರು ಬೀಳುವ ಸದ್ದು. ಅದು ನಿಂತ ಕಡೆ ಏನೋ ಕೆಟ್ಟಿದೆ ಎಂದು ಅರ್ಥ. ಎಲ್ಲೋ ಬಿರುಕು ಬಿಟ್ಟಿದೆ, ಇಲ್ಲವೇ ಕಾಲುವೆ ಕಟ್ಟಿಕೊಂಡಿದೆ.

ಒಬ್ಬರ ಗದ್ದೆಯಿಂದ ಇನ್ನೊಬ್ಬರ ಗದ್ದೆಗೆ ನೀರು ಇಳಿಯುವ ಕಡೆ ಕಟ್ಟುಪಾಡು ಇರಲೇಬೇಕು. ಇಫುಗಾವ್‌ಗಳಿಗೆ ಅರಸ ಇರಲಿಲ್ಲ, ಕೋಟೆ ಇರಲಿಲ್ಲ, ಬರವಣಿಗೆಯ ಶಾಸನವೂ ಇರಲಿಲ್ಲ. ಆದರೂ ನೀರಿನ ಹಕ್ಕು, ಗಡಿಜಗಳ, ಸಾಲ, ಪರಿಹಾರ ಎಲ್ಲಕ್ಕೂ ಬಾಯಿಮಾತಿನ ಕಾನೂನು ಬಿಗಿಯಾಗಿ ಇತ್ತು. ಕಿಯಾಂಗನ್‌ನಲ್ಲಿ ಶಾಲಾಮಾಸ್ತರರಾಗಿದ್ದ ಅಮೆರಿಕದ ರಾಯ್ ಫ್ರಾಂಕ್ಲಿನ್ ಬಾರ್ಟನ್ ಅದನ್ನೆಲ್ಲ ಕೇಳಿ ಬರೆದಿಟ್ಟು 1919ರಲ್ಲಿ ಪುಸ್ತಕ ಮಾಡಿದರು. ಒಂದು ಭಾಗದ ಗದ್ದೆಗಳಿಗೆ ಮೊದಲಿನಿಂದ ಹರಿಯುತ್ತಿರುವ ನೀರನ್ನು ಬೇರೆ ಕಡೆಗೆ ತಿರುಗಿಸುವಂತಿಲ್ಲ. ಕಾಲುವೆ ತೋಡಿದವರಿಗೆ ಅದರ ಮೇಲೆ ಹಕ್ಕು. ಹೊಸದಾಗಿ ಗದ್ದೆ ಮಾಡುವವರು ಹಳೆಯ ಗದ್ದೆಯ ಪಾಲು ಕಸಿಯಬಾರದು. ಹೀಗೆ ಸಾಗುತ್ತವೆ ಆ ನಿಯಮಗಳು. ದೊಡ್ಡ ನೀರಾವರಿ ಎಂದರೆ ಮೇಲೆ ಒಂದು ಪ್ರಭುತ್ವ ಇರಲೇಬೇಕು ಎಂದು ವಾದಿಸುವ ಪಂಡಿತರಿಗೆ ಇಫುಗಾವ್ ಇಂದಿಗೂ ಎದುರುತ್ತರವಾಗಿ ನಿಂತಿದೆ.

ಪ್ರತಿ ಗದ್ದೆಸಾಲಿನ ತಲೆಯ ಮೇಲೆ ಒಂದು ತುಂಡು ಕಾಡು ಇರುತ್ತದೆ. ಅದು ಮುಯೊಂಗ್. ದೂರದಿಂದ ನೋಡಿದವರು ಅದನ್ನು ತಾನಾಗಿ ಬೆಳೆದ ಕಾಡು ಎಂದುಕೊಳ್ಳುತ್ತಾರೆ. ಆದರೆ ಪ್ರತಿ ಮುಯೊಂಗ್‌ಗೂ ಒಂದು ಕುಟುಂಬ ಒಡೆತನ ಹೊಂದಿರುತ್ತದೆ. ಕಳೆ ತೆಗೆಯುವುದು, ಬೇಕಾದ ಸಸಿಗಳನ್ನು ಉಳಿಸಿಕೊಳ್ಳುವುದು, ಕಡಿದಲ್ಲಿ ಮತ್ತೆ ನೆಡುವುದು ಅವರ ಕೆಲಸ. ಸೌದೆ, ಮನೆಯ ಮರಮಟ್ಟು, ಬೆತ್ತ, ಔಷಧದ ಗಿಡ, ಅಡಿಕೆ ಎಲ್ಲ ಅಲ್ಲಿಂದಲೇ. ಅದಕ್ಕೂ ಮಿಗಿಲಾಗಿ, ಮಳೆಯ ನೀರನ್ನು ಹಿಡಿದಿಟ್ಟು ಒಣತಿಂಗಳುಗಳಲ್ಲಿ ನಿಧಾನವಾಗಿ ಗದ್ದೆಗೆ ಬಿಡುವುದು ಈ ಕಾಡೇ. ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟ ಇದ್ದಂತೆ ಇಫುಗಾವ್ ಗದ್ದೆಗೆ ಮುಯೊಂಗ್. ತೋಟದವರು ಬೆಟ್ಟದಿಂದ ಸೊಪ್ಪು ತರುತ್ತಾರೆ, ಇಲ್ಲಿ ನೀರು ತಾನೇ ಇಳಿದು ಬರುತ್ತದೆ. ಗದ್ದೆ ಯಾರಿಗೆ ಹೋಯಿತೋ ಅದರ ಮೇಲಿನ ಕಾಡೂ ಸಾಮಾನ್ಯವಾಗಿ ಅವರಿಗೇ ಸೇರುತ್ತದೆ.

ಈ ವ್ಯವಸ್ಥೆಗೂ ಸರ್ಕಾರದ ಕಾನೂನಿಗೂ ದೊಡ್ಡ ತಿಕ್ಕಾಟ ನಡೆದಿದೆ. 1975ರ ಫಿಲಿಪ್ಪೀನ್ಸ್ ಅರಣ್ಯ ಸಂಹಿತೆ ಶೇ. 18ಕ್ಕಿಂತ ಹೆಚ್ಚು ಇಳಿಜಾರಿನ ನೆಲವನ್ನು ಖಾಸಗಿಯವರಿಗೆ ಪಟ್ಟಾ ಕೊಡಲು ಬಾರದ ಸರ್ಕಾರಿ ಭೂಮಿ ಎಂದು ಸಾರಿತು. ಇಫುಗಾವ್‌ನಲ್ಲಿ ಅಷ್ಟು ಇಳಿಜಾರಿಲ್ಲದ ನೆಲವೇ ಅಪರೂಪ. ಅಜ್ಜಂದಿರು ನೆಟ್ಟ ಮರ ಕಡಿಯಲು ಮೊಮ್ಮಕ್ಕಳು ಅಪ್ಪಣೆ ಕೇಳುವ ಸ್ಥಿತಿ ಬಂತು. 1990ರ ದಶಕದಲ್ಲಿ ಮುಯೊಂಗ್‌ಗೆಂದೇ ಪ್ರತ್ಯೇಕ ಪರವಾನಗಿಯ ಏರ್ಪಾಡಾಯಿತು. 1997ರಲ್ಲಿ ಬಂದ ಮೂಲನಿವಾಸಿಗಳ ಹಕ್ಕುಗಳ ಕಾಯ್ದೆ ಪೂರ್ವಿಕರಿಂದ ಬಂದ ನೆಲದ ಮೇಲಿನ ಹಕ್ಕನ್ನು ಒಪ್ಪಿಕೊಂಡಿತು. ಗದ್ದೆ ಉಳಿಯಬೇಕಾದರೆ ಮೇಲಿನ ಕಾಡು ಅದನ್ನು ಕಾಯುವವರ ಕೈಯಲ್ಲೇ ಇರಬೇಕು ಎಂಬುದನ್ನು ಆಡಳಿತ ಒಪ್ಪಲು ಇಷ್ಟು ವರ್ಷ ಹಿಡಿದದ್ದು ನೋವಿನ ಸಂಗತಿ.

ಇಲ್ಲಿನ ಸಾಂಪ್ರದಾಯಿಕ ಭತ್ತದ ಹೆಸರು ತಿನವೊನ್. ವರ್ಷಕ್ಕೊಮ್ಮೆಯದು ಎಂದು ಅದರ ಅರ್ಥ. ಹೆಸರೇ ಹೇಳುವಂತೆ ವರ್ಷಕ್ಕೆ ಒಂದೇ ಬೆಳೆ. ವರ್ಷದ ಕೊನೆಯ ಹೊತ್ತಿಗೆ ಸಸಿಮಡಿಗೆ ತೆನೆ ಹಾಕುತ್ತಾರೆ, ಜನವರಿ ಫೆಬ್ರವರಿಯ ಹೊತ್ತಿಗೆ ನಾಟಿ, ಜೂನ್ ಜುಲೈಯಲ್ಲಿ ಕೊಯ್ಲು. ಎತ್ತರ ಹೆಚ್ಚಿದಂತೆ ಇವೆಲ್ಲ ಹಿಂದೆ ಮುಂದೆ ಆಗುವುದುಂಟು. ಚಳಿಯಲ್ಲಿ ಪೈರು ನಿಧಾನವಾಗಿ ಬೆಳೆಯುತ್ತದೆ. ಲುಜಾನ್‌ನ ದಕ್ಷಿಣದ ಲಾಸ್ ಬಾನೊಸ್‌ನಲ್ಲಿ 1960ರಲ್ಲಿ ಶುರುವಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ ಹೊರಟ ಐಆರ್ 8, ಐಆರ್ 64 ತಳಿಗಳು ಕರ್ನಾಟಕದ ಗದ್ದೆಗಳವರೆಗೂ ಬಂದವು. ಅದೇ ದ್ವೀಪದ ಈ ಬೆಟ್ಟಗಳಲ್ಲಿ ಮಾತ್ರ ತಂಪಿಗೂ ತಣ್ಣೀರಿಗೂ ಒಗ್ಗಿದ ತಿನವೊನ್ ತನ್ನ ಜಾಗ ಬಿಟ್ಟುಕೊಟ್ಟಿಲ್ಲ.

ಗೋಡೆ ಕಟ್ಟುವುದು, ಕೆಸರು ಹದಮಾಡುವುದು ಗಂಡಸರ ಕೆಲಸ. ನಾಟಿ, ಕಳೆ, ಕೊಯ್ಲು ಮತ್ತು ಬೀಜದ ಆಯ್ಕೆ ಹೆಂಗಸರದು. ಕೊಯ್ಲಿಗೆ ಮುಂಚೆ ಗದ್ದೆಯಲ್ಲಿ ನಡೆದು, ಕಾಳು ತುಂಬಿದ, ರೋಗವಿಲ್ಲದ ತೆನೆಗಳನ್ನು ಒಂದೊಂದಾಗಿ ಆರಿಸಿ ಬೀಜಕ್ಕೆ ಎತ್ತಿಡುತ್ತಾರೆ. ಯಾವ ಗದ್ದೆಗೆ ಯಾವ ತಳಿ ಸರಿಹೋಗುತ್ತದೆ ಎಂಬ ಅರಿವು ಹೀಗೆ ಅಜ್ಜಿಯರಿಂದ ಮೊಮ್ಮಕ್ಕಳಿಗೆ ಬಂದಿದೆ. ಕೊಯ್ಲಿಗೂ ಕುಡುಗೋಲು ಬಳಸುವುದಿಲ್ಲ. ಅಂಗೈಯಲ್ಲಿ ಅಡಗುವಷ್ಟು ಸಣ್ಣ ಕತ್ತಿಯಿಂದ ಒಂದೊಂದೇ ತೆನೆಯನ್ನು ಕಾಂಡದ ಸಮೇತ ಕತ್ತರಿಸಿ, ಹಿಡಿಯಾದ ಮೇಲೆ ಕಂತೆ ಕಟ್ಟುತ್ತಾರೆ. ತಿನವೊನ್ ಕಾಳು ತೆನೆಯಿಂದ ಬೇಗ ಉದುರುವುದಿಲ್ಲ, ಹಾಗಾಗಿ ಕಂತೆಯಾಗಿಯೇ ಒಣಗಿಸಿ ಕಂತೆಯಾಗಿಯೇ ಶೇಖರಿಸಬಹುದು. ದಿನದ ಅಡುಗೆಗೆ ಬೇಕಾದಷ್ಟನ್ನು ಇಳಿಸಿಕೊಂಡು ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿಕೊಳ್ಳುತ್ತಿದ್ದರು. ನಾಟಿ ಕೊಯ್ಲುಗಳಿಗೆ ನಮ್ಮ ಹಳ್ಳಿಗಳ ಮುಯ್ಯಾಳಿನಂತೆ ಒಬ್ಬರ ಗದ್ದೆಗೆ ಇನ್ನೊಬ್ಬರು ಬಂದು ದುಡಿಯುವ ಪದ್ಧತಿಯಿದೆ. ಅದಕ್ಕೆ ಉಬ್ಬು ಎನ್ನುತ್ತಾರೆ.

ಕೊಯ್ಲಾದ ಮೇಲೂ ಗದ್ದೆಯನ್ನು ಒಣಗಲು ಬಿಡುವುದಿಲ್ಲ. ಹುಲ್ಲು, ಕಳೆ, ಗೋಡೆಯ ಮೇಲೆ ಬೆಳೆದ ಗಿಡಗಂಟಿ ಎಲ್ಲವನ್ನೂ ಕೆಸರಿಗೆ ಸೇರಿಸಿ ನೀರಿನ ನಡುವೆ ಅಲ್ಲಲ್ಲಿ ದಿಬ್ಬ ಮಾಡುತ್ತಾರೆ. ಅದರ ಮೇಲೆ ತರಕಾರಿ ಬೆಳೆಯುತ್ತದೆ. ಮುಂದಿನ ನಾಟಿಯ ಹೊತ್ತಿಗೆ ಕೊಳೆತ ದಿಬ್ಬವನ್ನೇ ಹರಡಿದರೆ ಗೊಬ್ಬರ.

ಹಳೆಯ ಇಫುಗಾವ್ ಮನೆಗೆ ಬಲೆ ಎನ್ನುತ್ತಾರೆ. ನಾಲ್ಕು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಒಂದೇ ಕೋಣೆ, ಮೇಲೆ ನಾಲ್ಕೂ ಕಡೆಗೆ ಇಳಿದ ದಪ್ಪ ಹುಲ್ಲಿನ ಸೂರು. ಮೊಳೆ ಇಲ್ಲ. ಮರಕ್ಕೆ ಮರ ಸೇರಿಸಿದ್ದರಿಂದ ಬೇಕಾದಾಗ ಬಿಚ್ಚಿ ಬೇರೆ ಕಡೆ ಕಟ್ಟಬಹುದು. ಪ್ರತಿ ಕಂಬದ ಮೇಲ್ತುದಿಗೆ ಬೀಸುವ ಕಲ್ಲಿನಂಥ ಒಂದು ಮರದ ಬಿಲ್ಲೆ ತೊಡಿಸಿರುತ್ತಾರೆ. ಹಾಲಿಪನ್ ಎಂಬ ಈ ಬಿಲ್ಲೆ ಇರುವುದು ಇಲಿಗಳಿಗಾಗಿ. ಕಂಬ ಹತ್ತಿ ಬಂದ ಇಲಿ ಬಿಲ್ಲೆಯ ಅಡಿಗೆ ತಲೆ ತಾಗಿಸಿ ಅಲ್ಲಿಂದ ಮುಂದೆ ಹೋಗಲಾರದು. ಒಳಗೆ ಒಲೆ, ಒಲೆಯ ನೇರ ಮೇಲೆ ಅಟ್ಟದಲ್ಲಿ ಭತ್ತದ ಕಂತೆ. ಹೊಗೆಗೆ ಹುಳು ಬರುವುದಿಲ್ಲ, ಸೂರಿನ ಹುಲ್ಲೂ ಬೇಗ ಲಡ್ಡಾಗುವುದಿಲ್ಲ. ರಾತ್ರಿ ಏಣಿಯನ್ನು ಮೇಲಕ್ಕೆ ಎಳೆದುಕೊಂಡರೆ ಬಾಗಿಲು ಹಾಕಿದಂತೆ.

ಕಣಜದಲ್ಲಿ ಭತ್ತದ ಜೊತೆ ಬುಲುಲ್ ಕೂರುತ್ತಾನೆ. ಮಂಡಿ ಮಡಿಸಿ ಕೂತ ಅಥವಾ ನಿಂತ ಮರದ ಮೂರ್ತಿ, ಹೆಚ್ಚಾಗಿ ಗಂಡು ಹೆಣ್ಣಿನ ಜೋಡಿ. ಕೆತ್ತುವಾಗ, ಪ್ರತಿಷ್ಠೆಯಾಗುವಾಗ, ಕೊಯ್ಲಿನಲ್ಲಿ ಹಂದಿ ಅಥವಾ ಕೋಳಿಯ ರಕ್ತ ಸವರುತ್ತಾರೆ. ಬುಲುಲ್ ಕಾದರೆ ಭತ್ತ ಹೆಚ್ಚುತ್ತದೆ, ಇಲಿ ಕಳ್ಳರ ಕಾಟವಿಲ್ಲ ಎಂಬುದು ನಂಬಿಕೆ. ಆಚರಣೆ ನಡೆಸುವ ಪುರೋಹಿತ ಮುಂಬಾಕಿ. ತಲೆಮಾರುಗಳ ಪೂರ್ವಿಕರ ಹೆಸರುಗಳನ್ನು ಬಾಯಿಪಾಠವಾಗಿ ಕರೆಯಬಲ್ಲವನೇ ಮುಂಬಾಕಿ. ಪೂಜೆಯಲ್ಲಿ ಅಕ್ಕಿಯಿಂದ ಹುದುಗು ಬರಿಸಿದ ಬಯಾ ಎಂಬ ಮದ್ಯ ಇರಬೇಕು. ಮನೆಗೆ ಬಂದವರಿಗೆ ಮೊಮಾ ಕೊಡುತ್ತಾರೆ. ಮೊಮಾ ಎಂದರೆ ವೀಳ್ಯದೆಲೆ, ಅಡಿಕೆ, ಸುಣ್ಣ. ಕನ್ನಡಿಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುದ್‌ಹುದ್ ಎಂಬ ಕಥನಗೀತೆ ಇಫುಗಾವ್‌ಗಳ ದೊಡ್ಡ ಸಂಪತ್ತು. ಬಿತ್ತನೆ, ಕೊಯ್ಲು ಮತ್ತು ಸಾವಿನ ಮನೆಯ ಜಾಗರಣೆಯಲ್ಲಿ ಇದನ್ನು ಹಾಡುತ್ತಾರೆ. ಹಿರಿಯ ಹೆಂಗಸೊಬ್ಬಳು ಕಥೆ ಎತ್ತಿಕೊಂಡು ಹೇಳಿದರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. 200ಕ್ಕೂ ಹೆಚ್ಚು ಕಥೆಗಳಿವೆ, ಒಂದೊಂದಕ್ಕೂ ಸುಮಾರು 40 ಭಾಗಗಳು, ಪೂರ್ತಿ ಹಾಡಿದರೆ ದಿನಗಳೇ ಬೇಕು. ಕಥೆ ಯಾವುದಾದರೂ ಧಾಟಿ ಒಂದೇ. ಹೆಚ್ಚು ಹೆಸರಾದ ಕಥೆಯ ನಾಯಕ ಅಲಿಗುಯೊನ್. ಅಪ್ಪನ ವೈರಿಯ ಮಗ ಪುಂಬಖಾಯೊನ್ ಜೊತೆ ಅವನು ಕಾದಾಡುತ್ತಾನೆ. ಒಬ್ಬ ಎಸೆದ ಭರ್ಜಿಯನ್ನು ಇನ್ನೊಬ್ಬ ಗಾಳಿಯಲ್ಲೇ ಹಿಡಿದು ತಿರುಗಿ ಎಸೆಯುತ್ತಾನೆ. ವರ್ಷಗಳು ಕಳೆದರೂ ಗೆಲುವು ಯಾರಿಗೂ ಇಲ್ಲ. ಕೊನೆಗೆ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ, ಒಬ್ಬರ ತಂಗಿಯನ್ನು ಇನ್ನೊಬ್ಬರು ಮದುವೆಯಾಗುತ್ತಾರೆ. ಒಂದೇ ತೊರೆಯ ನೀರು ಹಂಚಿಕೊಂಡು ಬದುಕಬೇಕಾದ ಹಳ್ಳಿಗಳಿಗೆ ಇದಕ್ಕಿಂತ ಬೇಕಾದ ಕಥೆ ಇನ್ನೊಂದು ಇರಲಾರದು. ಯುನೆಸ್ಕೊ 2001ರಲ್ಲಿ ಹುದ್‌ಹುದ್‌ನ್ನು ಮೌಖಿಕ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಸಾರಿತು. ಕೊಯ್ಲು ಮುಗಿದ ಮೇಲೆ ಹುಂಗ್‌ದುವಾನ್‌ನಲ್ಲಿ ಹೊಳೆಯ ನೀರಿನಲ್ಲಿ ನಿಂತು ಆಡುವ ಪುನ್ನುಕ್ ಎಂಬ ಎಳೆದಾಟವೂ 2015ರಲ್ಲಿ ಪರಂಪರೆಯ ಪಟ್ಟಿಗೆ ಸೇರಿದೆ.

ಗದ್ದೆ ಹೆಚ್ಚಿದ್ದವರು ಕಡಂಗ್ಯನ್, ಅಂದರೆ ಸಿರಿವಂತರು. ಊರಿಗೆಲ್ಲ ಊಟ ಹಾಕಿ, ಹಂದಿ ಎಮ್ಮೆ ಕಡಿದು, ಒಂದೇ ಮರದಲ್ಲಿ ಕೆತ್ತಿದ ಹಗಬಿ ಎಂಬ ಭಾರಿ ಬೆಂಚನ್ನು ಮನೆಯ ಕೆಳಗೆ ತಂದಿಟ್ಟರೆ ಆ ಅಂತಸ್ತು ಗಟ್ಟಿ. ಅಕ್ಕಿ ಅಂತಸ್ತಿನ ಊಟವಾಗಿತ್ತು. ಬಡವರ ಹೊಟ್ಟೆ ತುಂಬಿಸಿದ್ದು ಗುಡ್ಡದ ಕುಮರಿಯಲ್ಲಿ ಬೆಳೆದ ಗೆಣಸು. ಆಸ್ತಿ ಹಂಚುವ ಕ್ರಮವೂ ಬೇರೆ. ಹಿರಿಯ ಮಗುವಿಗೆ, ಅದು ಗಂಡಾಗಲಿ ಹೆಣ್ಣಾಗಲಿ, ಗದ್ದೆಯ ದೊಡ್ಡ ಪಾಲು ಹೋಗುತ್ತದೆ. ತಾಯಿ ತಂದೆ ಇಬ್ಬರ ಕಡೆಯಿಂದಲೂ ಆಸ್ತಿ ಇಳಿಯುತ್ತದೆ. ಗದ್ದೆ ಚೂರಾಗದೆ ಒಂದೇ ಕೈಯಲ್ಲಿ ಉಳಿದು ಗೋಡೆ ಕಾಲುವೆಗಳಿಗೆ ಒಬ್ಬರು ಹೊಣೆಯಾಗಲು ಇದು ನೆರವಾಯಿತು. ಕಿರಿಯರು ಮಾತ್ರ ಬೇರೆ ದಾರಿ ನೋಡಿಕೊಳ್ಳಬೇಕಾಯಿತು.

ಈ ಗದ್ದೆಗಳಿಗೆ ಎಷ್ಟು ವಯಸ್ಸು? ಎರಡು ಸಾವಿರ ವರ್ಷ ಎಂಬ ಮಾತು ಪ್ರವಾಸಿ ಕೈಪಿಡಿಗಳಲ್ಲೂ ಪಠ್ಯಪುಸ್ತಕಗಳಲ್ಲೂ ಉಂಟು. ಅದರ ಮೂಲ ಬಾರ್ಟನ್ ಮತ್ತು ಮಾನವಶಾಸ್ತ್ರಜ್ಞ ಹೆನ್ರಿ ಓಟ್ಲಿ ಬೇಯರ್ ಅವರ ಅಂದಾಜು. ಇಷ್ಟು ಬೆಟ್ಟವನ್ನು ಕೈಯಿಂದ ಗದ್ದೆ ಮಾಡಲು ಅಷ್ಟು ಕಾಲ ಹಿಡಿದಿರಲೇಬೇಕು ಎಂಬುದು ಅವರ ಎಣಿಕೆ. ನೆಲ ಅಗೆದು ಪರೀಕ್ಷಿಸಿದ ಪುರಾವೆ ಆಗ ಇರಲಿಲ್ಲ. ಫಿಲಿಪ್ಪೀನ್ಸ್ ಮೂಲದ ಪುರಾತತ್ತ್ವಜ್ಞ ಸ್ಟೀಫನ್ ಅಕಬಾಡೊ ಮತ್ತು ಸಂಗಡಿಗರು ಹಳೆಯ ಕಿಯಾಂಗನ್ ಊರಿನ ನೆಲೆಯಲ್ಲಿ ಉತ್ಖನನ ಮಾಡಿ, ಗದ್ದೆಗಳ ಮಣ್ಣಿನಲ್ಲಿ ಸಿಕ್ಕ ಇದ್ದಿಲು ಮತ್ತು ಸಸ್ಯಶೇಷಗಳ ಕಾಲ ನಿರ್ಣಯಿಸಿದರು. ನೀರುಗದ್ದೆಯ ಭತ್ತ ಇಲ್ಲಿ ಹಬ್ಬಿದ್ದು ಸುಮಾರು 400 ವರ್ಷಗಳ ಹಿಂದೆ, ಅದಕ್ಕೂ ಮುಂಚೆ ಇಲ್ಲಿ ಬೆಳೆಯುತ್ತಿದ್ದದ್ದು ಕೆಸು ಎಂದು ಅವರು ಹೇಳುತ್ತಾರೆ. ಸ್ಪೇನ್‌ನ ಪಡೆಗಳು ಕೆಳಗಿನ ಮಗಾಟ್ ಹೊಳೆಯ ಬಯಲಿಗೆ ಬಂದ ಕಾಲ ಅದು. ಬಯಲಿನಿಂದ ಮೇಲೆ ಸರಿದ ಜನ ಬೆಟ್ಟದಲ್ಲೇ ನೆಲೆನಿಂತು, ಒಗ್ಗೂಡಿ, ಪರರ ಆಳ್ವಿಕೆಗೆ ಸಿಗದೆ ಬದುಕಲು ಈ ಗದ್ದೆಗಳನ್ನು ಕಟ್ಟಿದರು ಎಂಬುದು ಅವರ ವಾದ. ಎಲ್ಲರೂ ಇದನ್ನು ಒಪ್ಪಿಲ್ಲ, ವಯಸ್ಸು ಕಡಿಮೆಯಾದರೆ ಮಹಿಮೆಯೂ ಕಡಿಮೆಯಾದೀತೆಂಬ ಕಳವಳವೂ ಇದೆ. ಆದರೆ ಇಪ್ಪತ್ತು ಶತಮಾನಗಳಲ್ಲಿ ನಿಧಾನವಾಗಿ ಆದದ್ದಕ್ಕಿಂತ, ದಾಳಿಯ ಭಯದ ನಡುವೆ ಕೆಲವೇ ತಲೆಮಾರುಗಳಲ್ಲಿ ಆದ ಕೆಲಸ ಇನ್ನೂ ದೊಡ್ಡದು.

ಅಷ್ಟು ಗಟ್ಟಿಯಾದದ್ದು ಈಗ ಸಡಿಲುತ್ತಿದೆ. ಓದಿದ ಮಕ್ಕಳು ಬಾಗಿಯೊ, ಮನಿಲಾ, ಹೊರದೇಶಗಳಿಗೆ ಹೋಗುತ್ತಾರೆ. ಗೋಡೆ ಕಟ್ಟಬಲ್ಲವರ ಕೂಲಿ ಏರಿದೆ, ಭತ್ತದ ಆದಾಯ ಅದಕ್ಕೆ ಸಾಲದು. ಗದ್ದೆಯನ್ನು ಒಂದು ವರ್ಷ ಪಾಳು ಬಿಟ್ಟರೆ ಅದರ ಪೆಟ್ಟು ಒಡೆಯನಿಗೆ ಮಾತ್ರ ತಗಲುವುದಿಲ್ಲ. ನೀರಿಲ್ಲದೆ ಒಣಗಿದ ಗಟ್ಟಿಪದರ ಬಿರುಕು ಬಿಡುತ್ತದೆ. ಒಲಾಂಗ್ ಎಂದು ಇಲ್ಲಿ ಕರೆಯುವ ಉದ್ದನೆಯ ಎರೆಹುಳು ತೇವ ಹುಡುಕುತ್ತ ಆಳಕ್ಕೆ ಇಳಿದು ಗೋಡೆಯ ಹಿಂದೆ ಸುರಂಗ ಕೊರೆಯುತ್ತದೆ. ಮಳೆಗಾಲದ ಮೊದಲ ಬಿರುಗಾಳಿಗೆ ನೀರು ಆ ಸುರಂಗ ಹಿಡಿದು ಗೋಡೆಯನ್ನೇ ಒಳಗಿನಿಂದ ತಳ್ಳುತ್ತದೆ. ಕುಸಿದ ಗೋಡೆ ಬೀಳುವುದು ಕೆಳಗಿನವರ ಗದ್ದೆಯ ಮೇಲೆ. ಹೊರಗಿನಿಂದ ಬಂದ ಇನ್ನೊಂದು ಪಿಡುಗು ದಕ್ಷಿಣ ಅಮೆರಿಕದ ಬಂಗಾರಬಣ್ಣದ ಬಸವನಹುಳು. ತಿನ್ನಲು ಮಾಂಸ ಸಿಗುತ್ತದೆಂದು 1980ರ ದಶಕದಲ್ಲಿ ಫಿಲಿಪ್ಪೀನ್ಸ್‌ಗೆ ತಂದದ್ದು ಗದ್ದೆಗಳಿಗೆ ಹರಡಿ ಎಳೆಯ ಸಸಿಗಳನ್ನು ಮೇಯತೊಡಗಿತು.

ಕಾಲು ಭಾಗದಷ್ಟು ಗದ್ದೆಗಳು ಪಾಳುಬಿದ್ದಿವೆ ಎಂಬ ಸ್ಥಿತಿ ಬಂದಾಗ, 2001ರಲ್ಲಿ, ಯುನೆಸ್ಕೊ ಇದನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಫುಗಾವ್ ಗದ್ದೆಗಳನ್ನು ಉಳಿಸುವ ಚಳವಳಿ ಎಂಬ ಸ್ಥಳೀಯ ಸಂಘಟನೆ, ಹಳ್ಳಿಗರು, ಪ್ರಾಂತ್ಯದ ಆಡಳಿತ ಸೇರಿ ಗೋಡೆ ಕಾಲುವೆಗಳನ್ನು ದುರಸ್ತಿ ಮಾಡಿ, ಶಾಲೆಗಳಲ್ಲಿ ಮಕ್ಕಳಿಗೆ ಹಳೆಯ ಅರಿವು ಕಲಿಸುವ ಏರ್ಪಾಡು ಮಾಡಿದರು. 2012ರಲ್ಲಿ ಆ ಪಟ್ಟಿಯಿಂದ ಹೆಸರು ತೆಗೆಯಲಾಯಿತು. ದುಡಿಯುವ ಕೈಗಳ ಕೊರತೆ ಮಾತ್ರ ತೀರಿಲ್ಲ.

ಪ್ರವಾಸೋದ್ಯಮ ಇಲ್ಲಿ ಎರಡೂ ಕಡೆ ಕೆಲಸ ಮಾಡುತ್ತದೆ. ಗೈಡ್ ಕೆಲಸ, ತಂಗುಮನೆ, ಮರದ ಕೆತ್ತನೆಯಿಂದ ಕುಟುಂಬಗಳಿಗೆ ಕಾಸು ಬರುತ್ತದೆ. ಅದೇ ಕೆತ್ತನೆಯ ಬೇಡಿಕೆ ಮುಯೊಂಗ್‌ನ ಮರಗಳನ್ನು ತಿನ್ನುತ್ತದೆ, ಗೈಡ್ ಕೆಲಸ ಗದ್ದೆಯ ಹಂಗಾಮಿನಲ್ಲೇ ಗಂಡಸರನ್ನು ಸೆಳೆಯುತ್ತದೆ. ಬಟಾಡ್‌ನ ಹುಲ್ಲಿನ ಸೂರುಗಳ ನಡುವೆ ಹೊಳೆಯುವ ತಗಡಿನ ಚಾವಣಿಗಳು ಹೆಚ್ಚಿವೆ. ಚಿತ್ರ ಕೆಡುತ್ತದೆಂದು ಹೊರಗಿನವರು ಕೊರಗುವುದುಂಟು. ಆದರೆ ಕೆಲವು ವರ್ಷಗಳಿಗೊಮ್ಮೆ ಹುಲ್ಲು ಕೊಯ್ದು ಹೊದಿಸುವ ಕಷ್ಟ, ಬೆಂಕಿಯ ಭಯ ಆ ಮನೆಯವರದು. ಬೇಡ ಎನ್ನುವ ಹಕ್ಕು ಎರಡು ದಿನದ ಅತಿಥಿಗೆ ಇಲ್ಲ.

ಅತಿಥಿ ಮಾಡಬಹುದಾದದ್ದು ಬೇರೆ. ಅದೇ ಹಳ್ಳಿಯ ಗೈಡನ್ನು ಕರೆದುಕೊಳ್ಳುವುದು, ಹಳ್ಳಿಯ ಮನೆಯಲ್ಲೇ ರಾತ್ರಿ ತಂಗುವುದು, ಸಿಕ್ಕರೆ ತಿನವೊನ್ ಅಕ್ಕಿಯನ್ನು ಕೊಂಡು ತರುವುದು. ಬನಾವೆಯ ಕಟ್ಟೆಯ ಬಳಿ ಕೆಂಪು ನೇಯ್ಗೆಯ ಉಡುಪಿನಲ್ಲಿ ಕೂತ ಹಿರಿಯರ ಚಿತ್ರ ತೆಗೆಯುವ ಮುಂಚೆ ಕೇಳಬೇಕು, ಒಂದಿಷ್ಟು ಹಣವನ್ನೂ ಕೊಡಬೇಕು. ಗೋಡೆಯ ನೆತ್ತಿಯಲ್ಲಿ ಎದುರಿನಿಂದ ಹೊರೆ ಹೊತ್ತವರು ಬಂದರೆ ಬರಿಗೈಯವರು ಬದಿಗೆ ನಿಲ್ಲಬೇಕು. ಕಾಲು ಜಾರಿತೆನ್ನಿಸಿದರೆ ಒಳಗಿನ ಕೆಸರಿನ ಕಡೆಗೇ ವಾಲಬೇಕು. ಅಂಚಿನ ಸಡಿಲ ಕಲ್ಲಿನ ಮೇಲೆ ಮಾತ್ರ ಕಾಲಿಡಬಾರದು. ಆ ಒಂದು ಕಲ್ಲು ಜರುಗಿದರೆ ಸರಿಪಡಿಸಲು ಒಬ್ಬರ ಒಂದು ದಿನ ಹೋಗುತ್ತದೆ.

ಹಸಿರು ಬೇಕಾದವರು ಏಪ್ರಿಲ್ ಮೇ ತಿಂಗಳಲ್ಲಿ ಹೋಗಬೇಕು, ಹೊನ್ನಬಣ್ಣದ ತೆನೆ ನೋಡಬೇಕಾದವರು ಜೂನ್ ಕೊನೆಯಿಂದ ಜುಲೈಯೊಳಗೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಗದ್ದೆ ಬರೀ ನೀರು. ಬೆಳಗಿನ ಮಂಜು ಸರಿದಾಗ ಒಂದೊಂದು ಗದ್ದೆಯಲ್ಲೂ ಒಂದು ತುಂಡು ಆಕಾಶ ಕಾಣುತ್ತದೆ, ನಡುವೆ ಬಗ್ಗಿ ಸಸಿ ನೆಡುವವರ ಸಾಲು. ಆಗಸ್ಟ್‌ನಿಂದ ನವೆಂಬರ್‌ವರೆಗೆ ಬಿರುಗಾಳಿ ಮಳೆ, ರಸ್ತೆ ಕುಸಿಯುವ ಕಾಲ. ಭಾನುವಾರ ಮಧ್ಯಾಹ್ನದೊಳಗೆ ಬಟಾಡ್‌ನಿಂದ ಮೇಲೆ ಹತ್ತಿ ಬನಾವೆ ಸೇರಿದರೆ ಸಂಜೆಯ ಬಸ್ಸು ಸಿಗುತ್ತದೆ. ಸೋಮವಾರ ಬೆಳಗ್ಗೆ ಮನಿಲಾ.